ಮಗಳು ಎನ್‌ಜಿಒ ಶುರು ಮಾಡಬೇಕಂತೆ, ಮಾಡಿಸೋದಾ?

ಫ್ರೀಮಾಂಟ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನಿಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಮಗಳಿಗೆ ಹದಿನಾರು. ಆಗಸ್ಟ್‌ನಲ್ಲಿ ಹನ್ನೊಂದನೇ ತರಗತಿ. ಹೋದ ವಾರ ಕಾಲೇಜು ಅಡ್ಮಿಷನ್ ಕೌನ್ಸೆಲರ್ ಒಬ್ಬರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಗಂಟೆ ಲೆಕ್ಕದ ಫೀಸು. ಅವಳ ಗ್ರೇಡ್ ನೋಡಿದರು, ಭರತನಾಟ್ಯ ನೋಡಿದರು, ರೋಬಾಟಿಕ್ಸ್ ನೋಡಿದರು. 'ಎಲ್ಲಾ ಚೆನ್ನಾಗಿದೆ. ಆದರೆ ಇಂಥ ಮಕ್ಕಳು ನಿಮ್ಮ ಬೀದಿಯಲ್ಲೇ ಹತ್ತು ಜನ ಸಿಗುತ್ತಾರೆ. ಒಂದು ನಾನ್‌ಪ್ರಾಫಿಟ್ ಶುರು ಮಾಡಿಸಿ. ಅರ್ಜಿಯಲ್ಲಿ ಫೌಂಡರ್ ಅಂತ ಕಾಣಬೇಕು' ಅಂದರು. ಹೆಸರು, ಲೋಗೋ, ವೆಬ್‌ಸೈಟ್ ಎಲ್ಲಾ ಸೇರಿ ಅವರ ಬಳಿಯೇ ಪ್ಯಾಕೇಜ್ ಇದೆಯಂತೆ.

ನಮ್ಮ ಯಜಮಾನರ ಊರು ತಿಪಟೂರಿನ ಹತ್ತಿರ. ಅಲ್ಲಿನ ಸರ್ಕಾರಿ ಶಾಲೆಗೆ ಹಳೇ ಲ್ಯಾಪ್‌ಟಾಪ್, ಇಂಗ್ಲಿಷ್ ಕಥೆ ಪುಸ್ತಕ ಕಳಿಸುವುದು ಅಂತ ಅಲ್ಲೇ ಕೂತು ತೀರ್ಮಾನವೂ ಆಯಿತು. ಯಜಮಾನರಿಗೆ ಖುಷಿಯೋ ಖುಷಿ. ವಾಪಸ್ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, 'ಅಮ್ಮಾ, ಆ ಮಕ್ಕಳಿಗೆ ಲ್ಯಾಪ್‌ಟಾಪ್ ಬೇಕು ಅಂತ ಯಾರು ಹೇಳಿದರು?'

ಸಿಗ್ನಲ್ ನೋಡುತ್ತಾ ಕೂತೆ. ಏನು ಹೇಳಲಿ?

ಇದನ್ನೆಲ್ಲಾ ಮಾಡಿಸಿದವರು ಇದ್ದರೆ ಹೇಳಿ. ಮಾಡಿಸಿ ಪಶ್ಚಾತ್ತಾಪ ಪಟ್ಟವರು ಇದ್ದರೂ ಹೇಳಿ.

ಆಡಿಟರ್ ಭಾವ, ನ್ಯೂಜೆರ್ಸಿ

ಮೇಡಂ, ಮಾಡಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಕಾಗದದ ಕೆಲಸ ಎಷ್ಟಿದೆ ಅಂತ ಮಾತ್ರ ಹೇಳುತ್ತೇನೆ. ನನ್ನ ಹೊಟ್ಟೆಪಾಡೇ ಇದು.

ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಇರುವ ಸಂಸ್ಥೆ, ಅಂದರೆ 501 ಸಿ 3, ಮಾಡುವುದು ಮೊದಲು ದೊಡ್ಡ ತಲೆನೋವಾಗಿತ್ತು. 2014ರಲ್ಲಿ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನವರು 1023-ಇಝಡ್ ಅಂತ ಚಿಕ್ಕ ಅರ್ಜಿಯೊಂದನ್ನು ತಂದರು. ವರ್ಷಕ್ಕೆ 50,000 ಡಾಲರ್ ಒಳಗೆ ಹಣ ಬರುವ ಸಣ್ಣ ಸಂಸ್ಥೆಗಳು ಆನ್‌ಲೈನ್‌ನಲ್ಲೇ ತುಂಬಿ ಕಳಿಸಬಹುದು. ಫೀಸು 275 ಡಾಲರ್. ನಿಮ್ಮ ಮಗಳ ನಾಟ್ಯದ ಡ್ರೆಸ್ಸಿಗೇ ಇದಕ್ಕಿಂತ ಜಾಸ್ತಿ ಆಗಿರುತ್ತದೆ.

ಶುರು ಮಾಡುವುದು ಅಷ್ಟು ಸುಲಭ. ಕಷ್ಟ ಆಮೇಲೆ. ವರ್ಷಕ್ಕೊಮ್ಮೆ 990-ಎನ್ ಅಂತ ಪುಟ್ಟ ರಿಟರ್ನ್ ಹಾಕಬೇಕು. ಹತ್ತು ನಿಮಿಷದ ಕೆಲಸ. ಆದರೆ ಸತತ ಮೂರು ವರ್ಷ ಹಾಕದಿದ್ದರೆ ಮಾನ್ಯತೆ ತಾನಾಗಿಯೇ ರದ್ದು. ರದ್ದಾದವರ ಪಟ್ಟಿಯನ್ನು ಐಆರ್‌ಎಸ್ ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ನನ್ನ ಬಳಿ ಬಂದ ಮೂರು ಮನೆಗಳ ಕಥೆ ಒಂದೇ ಅಚ್ಚು. ಹನ್ನೊಂದರಲ್ಲಿ ಹುಡುಗ ಫೌಂಡರ್. ಹನ್ನೆರಡರಲ್ಲಿ ಅರ್ಜಿ. ಅವನು ಕಾಲೇಜು ಸೇರಿ ಎರಡು ವರ್ಷಕ್ಕೆ ರಾಜ್ಯ ಸರ್ಕಾರದ ನೋಟಿಸ್ ಅಪ್ಪನ ಮನೆ ಬಾಗಿಲಿಗೆ. ಮುಚ್ಚಲು ನನಗೆ ಕೊಟ್ಟ ಫೀಸು ತೆರೆಯಲು ಕೊಟ್ಟಿದ್ದಕ್ಕಿಂತ ಹೆಚ್ಚು.

ಇನ್ನು ತಿಪಟೂರಿಗೆ ದುಡ್ಡು ಕಳಿಸುವ ವಿಷಯ. ನೀವಿನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ನಿಮ್ಮ ಉಳಿತಾಯದ ಹಣ ಬ್ಯಾಂಕ್ ಮೂಲಕ ಹೋದರೆ ತೊಂದರೆಯಿಲ್ಲ. ಮಗಳು ಹುಟ್ಟಿದ್ದು ಇಲ್ಲಿ, ಅಲ್ವಾ? ಹಾಗಾದರೆ ಅವಳು ವಿದೇಶಿ. ಅವಳ ಸಂಸ್ಥೆಯೂ ವಿದೇಶಿ. ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅವಳ ಸಂಸ್ಥೆಯ ಹಣ ಅಲ್ಲಿನ ಯಾವುದಾದರೂ ಟ್ರಸ್ಟಿಗೆ ಸೇರಬೇಕಾದರೆ ಆ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲವೇ ಅನುಮತಿ ಇರಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಒಂದು ಟ್ರಸ್ಟಿಗೆ ಬಂದ ವಿದೇಶಿ ಹಣವನ್ನು ಅವರು ಇನ್ನೊಂದು ಟ್ರಸ್ಟಿಗೆ ದಾಟಿಸುವಂತಿಲ್ಲ. ನಿಮ್ಮ ಕೌನ್ಸೆಲರ್ ಪ್ಯಾಕೇಜಿನಲ್ಲಿ ಇದು ಇರಲಿಕ್ಕಿಲ್ಲ.

ನಮ್ಮ ಕಸುಬಿನವರು ಮರೆಯದ ಕಥೆಯೊಂದಿದೆ. 2019ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ ಅಡ್ಮಿಷನ್ ಹಗರಣ ನೆನಪಿದೆಯಲ್ಲ? ರಿಕ್ ಸಿಂಗರ್ ಅನ್ನೋನು ತಂದೆತಾಯಂದಿರಿಂದ ಲಂಚ ತೆಗೆದುಕೊಂಡಿದ್ದು ಒಂದು ಚಾರಿಟಿಯ ಹೆಸರಿನಲ್ಲಿ. ಬಡ ಮಕ್ಕಳ ಓದಿಗೆ ಅಂತ ಕಾಗದ. ಕೆಲವರು ಅದೇ ಲಂಚಕ್ಕೆ ತೆರಿಗೆ ವಿನಾಯಿತಿಯನ್ನೂ ಕೇಳಿದ್ದರು. 2023ರಲ್ಲಿ ಅವನಿಗೆ ಮೂರೂವರೆ ವರ್ಷ ಶಿಕ್ಷೆಯಾಯಿತು. ನಿಮ್ಮ ಮನೆಗೂ ಅದಕ್ಕೂ ಸಂಬಂಧವಿಲ್ಲ ಬಿಡಿ. ಸುಮ್ನೆ ನೆನಪಾಯಿತು.

ಪೀಣ್ಯ ಎಂಜಿನಿಯರ್

ಅದಕ್ಕೇ ನಮ್ಮ ಸಿಇಟಿ ವಾಸಿ. ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ, ರ‍್ಯಾಂಕ್ ಬಂತು, ಸೀಟು ಬಂತು. ಅನಾಥಾಲಯದಲ್ಲಿ ಬಾಳೆಹಣ್ಣು ಹಂಚಿದ ಫೋಟೋ ಯಾರೂ ಕೇಳಲ್ಲ. ಹದಿನಾರು ವರ್ಷದ ಮಗು ತನ್ನ ಒಳ್ಳೆಯತನವನ್ನು ಸಾಬೀತು ಮಾಡಬೇಕು ಅನ್ನೋದೇ ನನಗೆ ಕ್ರೂರವಾಗಿ ಕಾಣುತ್ತದೆ.

ಮೈಸೂರು ತಾತ

ನನಗೀಗ ಎಂಬತ್ತೆರಡು. ಫೋನಿನಲ್ಲಿ ಕನ್ನಡ ಬರೆಯುವುದನ್ನು ಮೊಮ್ಮಗ ಹೇಳಿಕೊಟ್ಟಿದ್ದಾನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

1960ರ ಸುಮಾರಿಗೆ ಓದಲು ಮೈಸೂರಿಗೆ ಬಂದಾಗ ನಾನು ವಾರಾನ್ನದ ಹುಡುಗ. ದಿನಕ್ಕೊಂದು ಮನೆಯಲ್ಲಿ ಊಟ. ಶುಕ್ರವಾರಕ್ಕೆ ಮನೆ ಸಿಕ್ಕಿರಲಿಲ್ಲ, ಅವತ್ತು ದೇವರ ಹೆಸರಿನಲ್ಲಿ ಉಪವಾಸ. ಬುಧವಾರದ ಮನೆಯ ಯಜಮಾನರು ಯಾರೇ ನೆಂಟರು ಬರಲಿ, 'ನೋಡಿ, ಇವನು ನಮ್ಮನೆ ವಾರದ ಹುಡುಗ' ಅಂತ ತೋರಿಸುತ್ತಿದ್ದರು. ನನಗೆ ಎಲೆ ಬಿಟ್ಟು ಎದ್ದು ಹೋಗೋಣ ಅನ್ನಿಸುತ್ತಿತ್ತು. ಗುರುವಾರದ ಮನೆಯ ತಾಯಿ ಮಾತೇ ಆಡುತ್ತಿರಲಿಲ್ಲ. ಅನ್ನದ ನಡುವೆ ಗುಳಿ ಮಾಡಿ, ಒಳಗೆ ತುಪ್ಪ ಬಿಟ್ಟು, ಮೇಲೆ ಸಾರು ಸುರಿಯುತ್ತಿದ್ದರು. ಅವರ ಅತ್ತೆಗೆ ಕಾಣಬಾರದು ಅಂತ.

ಯಾರು ದೊಡ್ಡವರು ಅಂತ ಕೇಳಿದರೆ ಗುರುವಾರದ ತಾಯಿ ಅಂತಲೇ ಹೇಳುತ್ತೇನೆ. ಆದರೆ ಒಂದು ಮಾತು. ಬುಧವಾರದವರು ನಾಲ್ಕು ವರ್ಷದಲ್ಲಿ ಒಂದು ಬುಧವಾರವೂ ತಪ್ಪಿಸಲಿಲ್ಲ. ಊರಿಗೆ ಹೋಗುವಾಗ ಪಕ್ಕದ ಮನೆಗೆ ಹೇಳಿ ಹೋಗುತ್ತಿದ್ದರು, 'ಹುಡುಗ ಬರ್ತಾನೆ, ಎಲೆ ಹಾಕಿ' ಅಂತ. ಅವರಿಗೆ ಹೆಸರು ಬೇಕಿತ್ತು, ನನಗೆ ಅನ್ನ ಬೇಕಿತ್ತು.

ನಮ್ಮ ಬೀದಿಯ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು ಎಲ್ಲಾ ಬರೆದು ಬೆಳಕು ಅರ್ಧ ಕಮ್ಮಿಯಾಗಿದೆ. ಫ್ಯಾನಿನ ಮೂರು ರೆಕ್ಕೆಗೂ ಒಬ್ಬರದೇ ಹೆಸರು, ತಿರುಗಿದರೂ ಓದಲಿ ಅಂತಲೋ ಏನೋ! ಆದರೂ ಸೆಕೆಗೆ ನಾನು ಅದರ ಕೆಳಗೇ ಕೂರುವುದು.

ಅರ್ಜಿ ಓದಿದವಳು

ನಾನು ಕೆಲವು ವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಚಳಿಗಾಲದಲ್ಲಿ ಅರ್ಜಿ ಓದುವ ಕೆಲಸ ಮಾಡಿದ್ದೇನೆ. ಯಾವುದು ಅಂತ ಕೇಳಬೇಡಿ.

ಕಾಮನ್ ಆ್ಯಪ್ ಅಂದರೆ ಅಮೆರಿಕದ ಬಹಳಷ್ಟು ಕಾಲೇಜುಗಳಿಗೆ ಒಂದೇ ಅರ್ಜಿ. ಅದರಲ್ಲಿ ಚಟುವಟಿಕೆಗೆ ಹತ್ತು ಸಾಲು ಇರುತ್ತವೆ. ಪ್ರತಿಯೊಂದರ ವಿವರಣೆಗೆ 150 ಅಕ್ಷರ, ಜಾಗ ಬಿಟ್ಟಿದ್ದೂ ಲೆಕ್ಕಕ್ಕೆ. ಅಷ್ಟರಲ್ಲಿ ಒಂದು ಸಂಸ್ಥೆಯ ಹುಟ್ಟು, ಬೆಳವಣಿಗೆ, ಉದ್ಧಾರ ಎಲ್ಲಾ ಬರಬೇಕು. ಎಂಐಟಿಯವರು ನಾಲ್ಕೇ ಚಟುವಟಿಕೆ ಕೇಳುತ್ತಾರೆ. ನಿಮ್ಮ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು, ಅಂದರೆ ಯುಸಿಗಳು, ಇಪ್ಪತ್ತರವರೆಗೆ ಬಿಡುತ್ತವೆ, ಆದರೆ ಕೆಲವು ಅರ್ಜಿಗಳನ್ನು ಲಾಟರಿ ಎತ್ತಿದ ಹಾಗೆ ಆರಿಸಿ 'ಇದಕ್ಕೆ ಪುರಾವೆ ಕೊಡಿ' ಅಂತ ಕೇಳುತ್ತವೆ.

ಫೌಂಡರ್ ಅನ್ನುವ ಪದಕ್ಕೆ ಬೆಲೆ ಇದೆಯಾ ಅಂದರೆ, ಮೊದಲ ದಿನ ಇತ್ತು. ನಾಲ್ಕನೇ ದಿನಕ್ಕೆ ನಾನು ಅದನ್ನು ಓದುವುದನ್ನೇ ಬಿಟ್ಟೆ. ಒಂದೇ ಹೈಸ್ಕೂಲಿನ ಅರ್ಜಿಗಳು ಒಟ್ಟಿಗೇ ಬರುತ್ತಿದ್ದವು. ಒಂದೇ ಶಾಲೆಯಿಂದ ಏಳು ಫೌಂಡರ್‌ಗಳು. ಏಳೂ ಜನ ಬೇರೆ ಬೇರೆ ದೇಶದ ಬಡ ಮಕ್ಕಳಿಗೆ ಪೆನ್ಸಿಲ್ ಕಳಿಸಿದ್ದಾರೆ. ಏಳು ಫೌಂಡರ್‌ಗೆ ಒಬ್ಬನೇ ಒಬ್ಬ ಸದಸ್ಯ ಇಲ್ಲ! ಯಾರೋ ಕಟ್ಟಿದ ಸಂಸ್ಥೆಗೆ ಹೋಗಿ ಹೇಳಿದ ಕೆಲಸ ಮಾಡಿ ಬಂದೆ ಅಂತ ಯಾರೂ ಬರೆದಿರಲಿಲ್ಲ. ಬರೆದಿದ್ದರೆ ಅವರೇ ಬೇರೆಯಾಗಿ ಕಾಣುತ್ತಿದ್ದರು.

ಆ ವರ್ಷ ನನಗೆ ಇವತ್ತಿಗೂ ನೆನಪಿರುವ ಅರ್ಜಿ ಒಬ್ಬ ಹುಡುಗನದು. ಮನೆಯ ಜವಾಬ್ದಾರಿ ಅಂತ ಆ ಪಟ್ಟಿಯಲ್ಲೇ ಒಂದು ವಿಭಾಗ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಅಲ್ಲಿ ಅವನು ಬರೆದಿದ್ದ: ದಿನಾ ಸಂಜೆ ನಾಲ್ಕರಿಂದ ಎಂಟರವರೆಗೆ ಅಪ್ಪನ ಅಂಗಡಿಯ ಗಲ್ಲಾ ನೋಡಿಕೊಳ್ಳುತ್ತೇನೆ, ಭಾನುವಾರ ಅಜ್ಜಿಯ ಇನ್ಸುಲಿನ್ ಲೆಕ್ಕ ಬರೆಯುತ್ತೇನೆ. ಅಷ್ಟೇ. ಒಂದು ದೊಡ್ಡ ಪದ ಇಲ್ಲ.

ಹಾರ್ವರ್ಡ್‌ನ ಶಿಕ್ಷಣ ವಿಭಾಗದವರು 2016ರ ಜನವರಿಯಲ್ಲಿ ಒಂದು ವರದಿ ಹೊರಡಿಸಿದರು, 'ಟರ್ನಿಂಗ್ ದ ಟೈಡ್' ಅಂತ. ಹತ್ತಾರು ಕಾಲೇಜುಗಳು ಒಪ್ಪಿಗೆ ಹಾಕಿದವು. ಸೇವೆ ಕಡೇ ಪಕ್ಷ ಒಂದು ವರ್ಷ ನಡೆದಿರಬೇಕು, ದೂರದ ದೇಶಕ್ಕೆ ಹೋಗಿ ಬರುವುದು ಮುಖ್ಯ ಅಲ್ಲ, ಮನೆಗಾಗಿ ದುಡಿಯುವುದೂ ಸೇವೆಯೇ, ಇದೇ ಅದರ ಸಾರ. ಒಳ್ಳೆಯ ಮಾತು. ಆಮೇಲೆ ಏನಾಯಿತು ಗೊತ್ತಾ? ಕನ್ಸಲ್ಟೆಂಟುಗಳು ಅದನ್ನೂ ಓದಿಕೊಂಡರು. ಈಗ 'ನಿಜವಾದ ಕಾಳಜಿ' ಕಾಣಿಸುವ ಪ್ಯಾಕೇಜೂ ಸಿಗುತ್ತದೆ.

ಪೀಣ್ಯ ಎಂಜಿನಿಯರ್

ನಾನು ಹೇಳಿದ್ದೂ ಅದೇ.

2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಹನ್ನೆರಡು ಹೆಸರಾಂತ ಕಾಲೇಜುಗಳ ಲೆಕ್ಕ ತೆಗೆದರು. ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ಒಂದೇ ಇದ್ದರೂ ಮೇಲಿನ ಶೇ. 1 ಶ್ರೀಮಂತರ ಮಕ್ಕಳು ಅಲ್ಲಿ ಓದುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಕಾರಣ ಮೂರು ಅಂದರು: ಅಪ್ಪ ಅಮ್ಮ ಅಲ್ಲೇ ಓದಿದ್ದು, ಕ್ರೀಡಾ ಸೀಟು, ಮತ್ತೆ ಈ ಪಠ್ಯೇತರ ಚಟುವಟಿಕೆಗಳ ಅಂಕ. ಮುಂದೆ ಜೀವನದಲ್ಲಿ ಯಾರು ಚೆನ್ನಾಗಿ ಮಾಡುತ್ತಾರೆ ಅಂತ ಹೇಳಲು ಆ ಮೂರೂ ಉಪಯೋಗಕ್ಕೆ ಬರಲಿಲ್ಲ, ಓದಿನ ಅಂಕವೇ ಬಂತು.

ಆಡಿಟರ್ ಭಾವ, ನ್ಯೂಜೆರ್ಸಿ

ಸಾರ್, ಸಿಇಟಿಗೆ ಕೋಚಿಂಗ್ ಫೀಸು ಯಾರ ಜೇಬಿನಿಂದ ಬರುತ್ತೆ? ಅದೂ ಅಪ್ಪನದೇ ಅಲ್ವಾ?

ಪೀಣ್ಯ ಎಂಜಿನಿಯರ್

ಒಪ್ಪಿದೆ. ಅದು ಬೇರೆ ಜಗಳ, ಬೇರೆ ದಿನ ಆಡೋಣ.

ನಮ್ಮಲ್ಲೂ ಇತ್ತು ಅಂತ ಈಗ ನೆನಪಾಗುತ್ತಿದೆ. ಎನ್‌ಎಸ್‌ಎಸ್, ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ ಶುರುವಾಗಿದ್ದು. ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಕ್ಯಾಂಪ್. ನಾನು ಸೇರಿದ್ದು ಸರ್ಟಿಫಿಕೇಟಿಗೆ ಅಂತ ಹೇಳಿದರೆ ಅರ್ಧ ಸತ್ಯ. ಇನ್ನರ್ಧ, ಪಕ್ಕದ ಕಾಲೇಜಿನ ಹುಡುಗಿಯರೂ ಅದೇ ಕ್ಯಾಂಪಿಗೆ ಬರುತ್ತಿದ್ದರು. ಒಂದು ಹಳ್ಳಿಯಲ್ಲಿ ಶ್ರಮದಾನ ಮಾಡಿ ಇಂಗುಗುಂಡಿ ತೋಡಿದೆವು. ಮುಂದಿನ ವರ್ಷದ ಬ್ಯಾಚ್ ಅದೇ ಜಾಗದಲ್ಲಿ ಮತ್ತೆ ತೋಡಿತು. ನಡುವೆ ಯಾರು ಮುಚ್ಚಿದರೋ ಗೊತ್ತಿಲ್ಲ.

ಟೊರಾಂಟೊದಿಂದ

ನಮ್ಮ ಒಂಟಾರಿಯೊದಲ್ಲಿ ಹೈಸ್ಕೂಲು ಪಾಸಾಗಲು 40 ಗಂಟೆ ಸೇವೆ ಕಡ್ಡಾಯ. ಅಮೆರಿಕದಲ್ಲೂ ಮೇರಿಲ್ಯಾಂಡ್‌ನವರು 75 ಗಂಟೆ ಕೇಳುತ್ತಾರೆ. ಕಡ್ಡಾಯ ಅಂದಮೇಲೆ ಉದ್ದೇಶ ಹುಡುಕುವ ಗೊಡವೆಯೇ ಇಲ್ಲ. ನಮ್ಮ ಮಗ 40 ಗಂಟೆಗೆ ಸರಿಯಾಗಿ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವುದು ನಿಲ್ಲಿಸಿದ. ಒಂದು ಪುಸ್ತಕ ಕೈಯಲ್ಲೇ ಇತ್ತಂತೆ!

ಆದರೆ ಅಡ್ಮಿಷನ್ ಆಸೆಯಿಲ್ಲದೆ ಶುರು ಮಾಡಿದ ಮಕ್ಕಳೂ ಇದ್ದಾರೆ. ನಮ್ಮ ಊರಿನ ಪಕ್ಕದ ಕ್ರೇಗ್ ಕೀಲ್‌ಬರ್ಗರ್ 1995ರಲ್ಲಿ, ಹನ್ನೆರಡನೇ ವಯಸ್ಸಿಗೆ, ಪಾಕಿಸ್ತಾನದ ಇಕ್ಬಾಲ್ ಮಸೀಹ್ ಎಂಬ ಬಾಲಕಾರ್ಮಿಕನ ಕೊಲೆಯ ಸುದ್ದಿ ಪತ್ರಿಕೆಯಲ್ಲಿ ಓದಿ ಸಹಪಾಠಿಗಳನ್ನು ಸೇರಿಸಿದ. ಅದು ಬೆಳೆದು ದೊಡ್ಡ ಸಂಸ್ಥೆಯಾಯಿತು. 2020ರಲ್ಲಿ ಸರ್ಕಾರದ ಒಂದು ವಿದ್ಯಾರ್ಥಿ ಯೋಜನೆಯ ಗಲಾಟೆಯಲ್ಲಿ ಸಿಕ್ಕಿ ಕೆನಡಾದ ಕೆಲಸ ನಿಲ್ಲಿಸುತ್ತೇವೆ ಅಂದರು. ಶುರು ಹೇಗಿತ್ತು ಅನ್ನೋದು ಕೊನೆಗೆ ಜಾಮೀನಲ್ಲ ಅಂತ ಕಾಣುತ್ತದೆ.

ಮೇಷ್ಟ್ರು, ತುಮಕೂರು ಜಿಲ್ಲೆ

ನಾನು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಆ ಕಡೆಯವರ ಮಾತು ಎಲ್ಲಾ ಆಯಿತು, ಈ ಕಡೆಯದನ್ನೂ ಕೇಳಿ.

ನಿಮ್ಮ ಬೇಸಿಗೆ ರಜೆ ನಮಗೆ ಶಾಲೆ ಶುರುವಾಗುವ ಕಾಲ. ಜೂನ್, ಜುಲೈ ಬಂದರೆ ಬಿಳಿ ಇನ್ನೋವಾ ಬರುತ್ತದೆ. ಅಪ್ಪ, ಅಮ್ಮ, ಹದಿನಾರು ಹದಿನೇಳರ ಮಗು, ಟಿ-ಶರ್ಟ್ ಮೇಲೆ ಸಂಸ್ಥೆಯ ಹೆಸರು. ನಮ್ಮ ಮಕ್ಕಳಿಗೆ ಅವತ್ತು ಒಂದು ಪಾಠ ಹೋಗುತ್ತದೆ, ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕು. ದೂರಲು ಬರೆಯುತ್ತಿಲ್ಲ. ಬಂದ ಮಕ್ಕಳು ಒಳ್ಳೆಯವರೇ. ಬಹಳ ಸಂಕೋಚ ಪಡುತ್ತಾರೆ. ಒಬ್ಬ ಹುಡುಗ ಫೋಟೋ ತೆಗೆಯುವಾಗೆಲ್ಲಾ ಅಡುಗೆ ಮನೆಗೆ ಹೋಗಿ ಅಡುಗೆಯವರ ಜೊತೆ ಬೀನ್ಸ್ ಬಿಡಿಸುತ್ತಾ ಕೂತುಬಿಡುತ್ತಿದ್ದ. ಅವನಮ್ಮ ಹುಡುಕಿಕೊಂಡು ಬರಬೇಕು.

ಮೂರು ವರ್ಷದ ಹಿಂದೆ ಒಂದು ಸಂಸ್ಥೆ ನೀರು ಶುದ್ಧ ಮಾಡುವ ಯಂತ್ರ ಕೊಟ್ಟಿತು. ಒಳ್ಳೆಯ ಯಂತ್ರ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ ಬಿಂದಿಗೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಎಂಟು ತಿಂಗಳಿಗೆ ಯಂತ್ರದ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಕಟ್ಟಿಕೊಂಡಿತು. ಬದಲಿಸಲು ತಿಪಟೂರಿನಿಂದ ಹುಡುಗ ಬರಬೇಕು, ಅವನಿಗೆ ಮೂರು ಸಾವಿರ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಎರಡು ಸಲ ಚರ್ಚೆ ಆಯಿತು. ಆ ಸಂಸ್ಥೆಗೆ ಇಮೇಲ್ ಕಳಿಸಿದೆ. ವಾಪಸ್ ಬಂತು, ಆ ವಿಳಾಸವೇ ಇಲ್ಲವಂತೆ. ಆ ಮಗು ಕಾಲೇಜಿಗೆ ಹೋಗಿರಬೇಕು. ಈಗ ಯಂತ್ರದ ಮೇಲೆ ಹಾಜರಿ ಪುಸ್ತಕ ಇಡುತ್ತೇವೆ. ಸ್ಟಿಕ್ಕರ್ ಮಾತ್ರ ಇವತ್ತಿಗೂ ಹೊಸದರ ಹಾಗಿದೆ.

ಲ್ಯಾಪ್‌ಟಾಪ್ ಬೇಡ ಮೇಡಂ. ಹಿಂದೆ ಬಂದ ನಾಲ್ಕು ಬೀರುವಿನಲ್ಲಿವೆ, ಬೀಗದ ಕೈ ಹೆಡ್‌ಮಾಸ್ಟರ್ ಬಳಿ ಇದೆ. ಕಳುವಾದರೆ ಉತ್ತರ ಕೊಡುವವರು ಅವರಲ್ಲವೇ, ಅವರನ್ನು ಬೈಯುವಂತಿಲ್ಲ. ದಪ್ಪ ಇಂಗ್ಲಿಷ್ ಕಾದಂಬರಿಗಳೂ ಬೇಡ. ಪಠ್ಯಪುಸ್ತಕ, ಸಮವಸ್ತ್ರ, ಊಟ, ಹಾಲು, ಮೊಟ್ಟೆ ಸರ್ಕಾರವೇ ಕೊಡುತ್ತದೆ. ನೋಟ್‌ಬುಕ್ ಮಾತ್ರ ನಮ್ಮಲ್ಲಿ ಮನೆಯವರೇ ಕೊಳ್ಳಬೇಕು, ಜೂನ್‌ನಲ್ಲಿ ಅದು ಕೂಲಿಯವರ ಮನೆಗೆ ಭಾರ. ಅದನ್ನು ಊರಿನಲ್ಲಿರುವ ನಿಮ್ಮ ಮೈದುನರೋ ಮಾವನವರೋ ತಿಪಟೂರಿನ ಅಂಗಡಿಯಲ್ಲೇ ಕೊಡಿಸಬಹುದು. ಅದಕ್ಕೆ ಲೋಗೋ ಬೇಕಿಲ್ಲ.

ನಿಮ್ಮ ಮಗಳಿಂದಲೇ ಆಗಬೇಕಾದ ಕೆಲಸ ಒಂದಿದೆ. ನಮ್ಮ ಏಳನೇ ತರಗತಿಯವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಬಾಯಿ ಬಿಡಲು ನಾಚಿಕೆ. ನನ್ನ ಮುಂದೆ ಇನ್ನೂ ನಾಚಿಕೆ, ನಾನು ತಿದ್ದುತ್ತೇನೆ ಅಂತ. ಅವರ ಓರಗೆಯ ಯಾರಾದರೂ ವಾರಕ್ಕೊಮ್ಮೆ ಅರ್ಧ ಗಂಟೆ ಸುಮ್ಮನೆ ಮಾತಾಡಿದರೆ ಸಾಕು. ಶನಿವಾರ ಬೆಳಗಿನ ಶಾಲೆ. ಎಂಟೂವರೆಗೆ ನನ್ನ ಫೋನು ಖಾಲಿ ಇರುತ್ತದೆ. ಆದರೆ ಮಾರ್ಚ್‌ವರೆಗೂ ಬಿಡದೆ ಮಾಡಬೇಕು. ಎರಡು ವಾರ ಮಾಡಿ ನಿಲ್ಲಿಸುವುದಾದರೆ ದಯವಿಟ್ಟು ಶುರು ಮಾಡಬೇಡಿ. ಮಕ್ಕಳು ಕೇಳುತ್ತಾರೆ, 'ಸಾರ್, ಆ ಅಕ್ಕ ಯಾಕೆ ಬರಲ್ಲ?' ಪ್ರತಿ ಸಲ ನಾನೊಂದು ಸುಳ್ಳು ಹೇಳಬೇಕು.

ಮಾಜಿ ಫೌಂಡರ್

ನಾನು ಬೆಂಗಳೂರಿನ ಐಬಿ ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಯಲ್ಲಿ ಓದಿ ಈಗ ಅಮೆರಿಕದಲ್ಲಿ ಎರಡನೇ ವರ್ಷದಲ್ಲಿದ್ದೇನೆ. ಮೇಷ್ಟ್ರು ಬರೆದಿದ್ದು ಓದಿ ಮುಖ ಬಿಸಿಯಾಯಿತು. ಆ ಇಮೇಲ್ ನಮ್ಮದಲ್ಲ, ಆದರೆ ನಮ್ಮದೂ ಅಂಥದ್ದೇ.

ಹನ್ನೊಂದನೇ ಕ್ಲಾಸಿನಲ್ಲಿ ನಾವು ಆರು ಜನ ಸೇರಿ ಒಂದು ಸಂಸ್ಥೆ ಮಾಡಿದೆವು. ಆರೂ ಜನ ಕೋ-ಫೌಂಡರ್. ಒಬ್ಬ ಸಿಎಫ್‌ಒ ಕೂಡ ಇದ್ದ, ಅವನು ನೋಡಿಕೊಳ್ಳಬೇಕಾಗಿದ್ದು 11,000 ರೂಪಾಯಿ. ನಿಜವಾಗಿ ಖಾತೆ ಇದ್ದದ್ದು ನನ್ನ ಅಪ್ಪನ ಹೆಸರಿನಲ್ಲಿ. ಹದಿನೆಂಟಾಗದವರು ಟ್ರಸ್ಟಿಯಾಗಲು ಬರಲ್ಲ ಅಂತ ಲಾಯರ್ ಅಂಕಲ್ ಹೇಳಿದ ಮೇಲೆ ನೋಂದಣಿಯನ್ನೇ ಬಿಟ್ಟೆವು. ಲೋಗೋದ ಬಣ್ಣ ಯಾವುದು ಅಂತ ಮೂರು ವಾರ ಜಗಳ. ಇನ್‌ಸ್ಟಾಗ್ರಾಮ್ ಪೇಜಿನ ಕೊನೆಯ ಪೋಸ್ಟ್ ನಾವು ಅರ್ಜಿ ಕಳಿಸಿದ ಹಿಂದಿನ ದಿನದ್ದು. ಉದ್ದೇಶ ಏನಿತ್ತು ಅಂತ ಕೇಳಿದರೆ, ಅಡ್ಮಿಷನ್ನೇ. ಆದರೆ ಅವತ್ತು ಕೇಳಿದ್ದರೆ ಅತ್ತೇ ಬಿಡುತ್ತಿದ್ದೆ. ಅವತ್ತು ನಿಜವಾಗಿಯೂ ಸೇವೆ ಅಂತಲೇ ನಂಬಿದ್ದೆ.

ಇನ್ನೊಂದು ಕೆಲಸ ಮಾಡಿದೆ. ಅದನ್ನು ಹೇಳಬೇಕು.

ಐಬಿಯಲ್ಲಿ ಸಿಎಎಸ್ ಅಂತ ಇದೆ, ಓದಿನ ಜೊತೆಗೆ ಕಲೆ, ಆಟ, ಸೇವೆ ಅಂತ ಹದಿನೆಂಟು ತಿಂಗಳು ಏನಾದರೂ ಮಾಡುತ್ತಲೇ ಇರಬೇಕು. ಅದರ ಲೆಕ್ಕಕ್ಕೆ ಸೇರಲಿ ಅಂತ ಕಣ್ಣು ಕಾಣದವರಿಗೆ ಪರೀಕ್ಷೆ ಬರೆದುಕೊಡುವ ಪಟ್ಟಿಗೆ ಹೆಸರು ಕೊಟ್ಟೆ. ಪರೀಕ್ಷೆ ಬರೆಯುವವರಿಗಿಂತ ಬರೆದುಕೊಡುವವರು ಕೆಳಗಿನ ತರಗತಿಯಲ್ಲಿ ಇರಬೇಕು ಅನ್ನೋದು ನಿಯಮ. ಹಾಗಾಗಿ ದೊಡ್ಡವರು ಎಷ್ಟೇ ಮನಸ್ಸು ಮಾಡಿದರೂ ಆಗಲ್ಲ, ನಮ್ಮ ವಯಸ್ಸಿನವರೇ ಬೇಕು. ಮಾರ್ಚ್‌ನಲ್ಲಿ ಜನ ಸಿಗದೆ ಒದ್ದಾಡುತ್ತಾರೆ, ಯಾಕೆಂದರೆ ನಮಗೂ ಅದೇ ತಿಂಗಳು ಪರೀಕ್ಷೆ.

ನನಗೆ ಸಿಕ್ಕಿದ್ದು ಎರಡನೇ ಪಿಯು ಹುಡುಗ, ನನಗಿಂತ ಮೂರು ವರ್ಷ ದೊಡ್ಡವನು. ಕನ್ನಡ ಮಾಧ್ಯಮ, ಇತಿಹಾಸ. ಮೊದಲು ಒಂದು ಅಭ್ಯಾಸ ಪರೀಕ್ಷೆ ಮಾಡಿದೆವು. ಅವನು ನಿಧಾನವಾಗಿ ಹೇಳಿದ, '1792ರ ಶ್ರೀರಂಗಪಟ್ಟಣ ಒಪ್ಪಂದ'. ನಾನು ಬರೆದೆ. ಒಂದು ಪುಟ ಆದಮೇಲೆ ಅವನ ಟೀಚರ್ ಬಂದು ನೋಡಿ ಸುಮ್ಮನಾದರು. ಪಟ್ಟಣದ ಒತ್ತು ಇಲ್ಲ, ಒಪ್ಪಂದದ ಒತ್ತು ಇಲ್ಲ. ನನ್ನ ಕನ್ನಡ ಮೂರನೇ ಕ್ಲಾಸಿಗೇ ನಿಂತಿತ್ತು. ಅವನಿಗೆ ಕಾಣಲ್ಲ. ನನ್ನ ತಪ್ಪಿಗೆ ಅವನ ಅಂಕ ಹೋಗುತ್ತದೆ. ಅವನು ಕೇಳಿದ, 'ಚೆನ್ನಾಗಿ ಬರ್ತಿದೆಯಾ?'

ಎರಡು ತಿಂಗಳು ಅಜ್ಜಿಯ ಪಕ್ಕ ಕೂತು ಕಾಪಿ ಬರೆದೆ. ಅಜ್ಜಿ ಎಲೆಅಡಿಕೆ ಜಗಿಯುತ್ತಾ 'ಒತ್ತು ಎಲ್ಲೇ ನುಂಗಿದೆ?' ಅಂತ ಬೈಯುತ್ತಿದ್ದಳು. ಪರೀಕ್ಷೆಯ ದಿನ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಕೊಡುತ್ತಾರೆ, ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆ. ಕೈ ಜೋಮು ಹಿಡಿಯಿತು. ಅವನು ಪಾಸಾದ, ಎಪ್ಪತ್ತಮೂರು ಅಂಕ. ಪೂರ್ತಿ ಅವನದೇ ಅಂತ ನನಗೆ ಗೊತ್ತು. ಆದರೂ ರಿಸಲ್ಟ್ ದಿನ ನನ್ನದಕ್ಕಿಂತ ಮೊದಲು ಅವನದನ್ನೇ ನೋಡಿದೆ.

ಅದು ಅರ್ಜಿಯಲ್ಲಿ ಒಂಬತ್ತನೇ ಸಾಲಿನಲ್ಲಿತ್ತು. ಫೌಂಡರ್ ಒಂದನೇ ಸಾಲಿನಲ್ಲಿ.

ಮೈಸೂರು ತಾತ

ಮಗೂ, ಅಜ್ಜಿ ಚೆನ್ನಾಗಿದ್ದಾರಾ?

ಮಾಜಿ ಫೌಂಡರ್

ಇದ್ದಾರೆ ತಾತ. ಈಗ ವಾಟ್ಸ್ಆ್ಯಪ್‌ನಲ್ಲೂ ನನ್ನ ಒತ್ತು ತಿದ್ದುತ್ತಾರೆ.

ಫ್ರೀಮಾಂಟ್ ಅಮ್ಮ

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಇಂಗುಗುಂಡಿ ಅಂದರೇನು ಅಂತ ವಿವರಿಸಲು ಕಾಲು ಗಂಟೆ ಬೇಕಾಯಿತು. ನೀರಿನ ಯಂತ್ರದ ಭಾಗಕ್ಕೆ ಬಂದಾಗ ಫೋನ್ ಕಸಿದುಕೊಂಡು ಮೂರು ಸಾವಿರ ರೂಪಾಯಿ ಅಂದರೆ ಎಷ್ಟು ಡಾಲರ್ ಅಂತ ನೋಡಿದಳು. ಮೂವತ್ತೈದರ ಆಸುಪಾಸು. 'ಇಷ್ಟಕ್ಕಾ?' ಅಂದಳು, ಆಮೇಲೆ ಮಾತಾಡಲಿಲ್ಲ.

ನಿಜ ಹೇಳಬೇಕೆಂದರೆ ನನ್ನೊಳಗಿನ ಲೆಕ್ಕ ಇನ್ನೂ ನಿಂತಿಲ್ಲ. ಮೇಷ್ಟ್ರು ಹೇಳಿದ ಕೆಲಸ ಕೇಳಿದ ಕೂಡಲೇ ತಲೆಯಲ್ಲಿ ಬಂದಿದ್ದು, ಇದನ್ನು 150 ಅಕ್ಷರದಲ್ಲಿ ಹೇಗೆ ಬರೆಯುವುದು ಅಂತ. ಬೈಯಿರಿ ಪರವಾಗಿಲ್ಲ.

ಒಂದು ತೊಡಕಿದೆ. ನಿಮ್ಮ ಶನಿವಾರ ಬೆಳಗ್ಗೆ ಎಂಟೂವರೆ ಅಂದರೆ ನಮಗೆ ಶುಕ್ರವಾರ ರಾತ್ರಿ ಎಂಟು. ಗಡಿಯಾರ ಹಿಂದೆ ಹೋದಮೇಲೆ ನವೆಂಬರ್‌ನಿಂದ ಏಳು. ಶುಕ್ರವಾರ ರಾತ್ರಿ ಅವಳ ಶಾಲೆಯ ಫುಟ್‌ಬಾಲ್ ಮ್ಯಾಚು, ಗೆಳತಿಯರೆಲ್ಲಾ ಅಲ್ಲೇ. ಅವಳೇ ಯೋಚಿಸಿ ಹೇಳಲಿ ಅಂತ ಬಿಟ್ಟಿದ್ದೇನೆ. ಕೌನ್ಸೆಲರ್‌ಗೆ ಪ್ಯಾಕೇಜ್ ಸದ್ಯ ಬೇಡ ಅಂದೆ. ಯಜಮಾನರಿಗೆ ಸ್ವಲ್ಪ ಬೇಜಾರು. ಮೆಂಬ್ರೇನಿನ ದುಡ್ಡು ನಮ್ಮ ಮೈದುನ ನಾಳೆ ಶಾಲೆಗೆ ತಂದುಕೊಡುತ್ತಾನೆ ಮೇಷ್ಟ್ರೇ, ಹೆಸರು ಎಲ್ಲೂ ಬೇಡ.

ಪೀಣ್ಯ ಎಂಜಿನಿಯರ್

ಎಂಟು ತಿಂಗಳಿಗೆ ಮತ್ತೆ ಕಟ್ಟಿಕೊಳ್ಳುತ್ತೆ. ಗಡಸು ನೀರಿಗೆ ಮುಂದೆ ಒಂದು ಸಾಫ್ಟ್‌ನರ್ ಹಾಕದೆ ಮೆಂಬ್ರೇನ್ ಬದಲಿಸಿದರೆ ದುಡ್ಡು ನೀರಲ್ಲಿ ಹೋಮ. ಮೇಷ್ಟ್ರೇ, ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣ, ಎಷ್ಟಿದೆ, ದಿನಕ್ಕೆ ಎಷ್ಟು ಬಿಂದಿಗೆ ಬೇಕು, ಬರೆದು ಕಳಿಸಿ. ಭಾನುವಾರ ನಾನೇ ಬಂದು ನೋಡುತ್ತೇನೆ, ಪೀಣ್ಯದಿಂದ ಎರಡೂವರೆ ಗಂಟೆ ದಾರಿ. ಸರ್ಟಿಫಿಕೇಟ್ ಬೇಡ. ತಿಪಟೂರಿನ ಎಳನೀರು ಕೊಡಿಸಿದರೆ ಸಾಕು.

ಫ್ರೀಮಾಂಟ್ ಅಮ್ಮ, ಐದು ವಾರದ ನಂತರ

ನಾಲ್ಕು ಶುಕ್ರವಾರ ಆಯಿತು. ಮೂರು ಕರೆ ಮಾಡಿದಳು, ಒಂದು ತಪ್ಪಿಸಿದಳು. ಮ್ಯಾಚಿಗೆ ಹೋಗಿದ್ದಳು. ವಾಪಸ್ ಬಂದು ಹನ್ನೊಂದಕ್ಕೆ ಮೇಷ್ಟ್ರಿಗೆ ಸಾರಿ ಅಂತ ಕನ್ನಡದಲ್ಲೇ ಕಳಿಸಿದ್ದಾಳೆ, ನನ್ನ ಹತ್ತಿರ ಕಾಗುಣಿತ ಕೇಳಿಕೊಂಡು.

ಮೊದಲ ಕರೆಯಲ್ಲಿ ಮಕ್ಕಳು ಬಾಯೇ ಬಿಡಲಿಲ್ಲ. ಎರಡನೆಯದರಲ್ಲಿ ಒಬ್ಬ ಹುಡುಗಿ ಕೇಳಿದಳು, 'ವಾಟ್ ಈಸ್ ಯುವರ್ ಟಿಫನ್?' ಇವಳು ಸೀರಿಯಲ್ ಅಂದಳು. ಅವರಿಗೆ ಟಿವಿ ಧಾರಾವಾಹಿ ಅಂತ ಕೇಳಿಸಿ ನಗುವೋ ನಗು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ಈಗ ಅವಳ ಕನ್ನಡವನ್ನು ಅವರು ತಿದ್ದುತ್ತಾರೆ, ಅವರ ಇಂಗ್ಲಿಷನ್ನು ಇವಳು ತಿದ್ದುವುದನ್ನು ಮರೆತಿದ್ದಾಳೆ.

ಮೇಷ್ಟ್ರೇ, ಈ ಶುಕ್ರವಾರ ಎಂಟಕ್ಕೇ ಕೂರುತ್ತಾಳೆ. ಮ್ಯಾಚ್ ಇಲ್ಲ.

ಮೇಷ್ಟ್ರು, ತುಮಕೂರು ಜಿಲ್ಲೆ

ಮೇಡಂ, ಈ ಶನಿವಾರ ಬೇಡ. ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ಇದೆ, ಇಡೀ ಏಳನೇ ತರಗತಿ ಪಕ್ಕದೂರಿಗೆ ಹೋಗುತ್ತದೆ. ಮೊದಲೇ ಹೇಳಲು ಮರೆತೆ. ಟಿಫನ್ ಬಗ್ಗೆ ಕೇಳಿದ ಹುಡುಗಿ ಇಂಗ್ಲಿಷ್ ಕಂಠಪಾಠಕ್ಕೆ ಹೆಸರು ಕೊಟ್ಟಿದ್ದಾಳೆ. ಯಂತ್ರದಲ್ಲಿ ನೀರು ಬರುತ್ತಿದೆ. ಹಾಜರಿ ಪುಸ್ತಕಕ್ಕೆ ಬೇರೆ ಜಾಗ ಹುಡುಕುತ್ತಿದ್ದೇನೆ.